ಲೆಕ್ಕ ಕಾಣದ ಒಳ್ಳೆಯತನ

ಹಳೆಯ ಕಂಪ್ಯೂಟರ್ ಆಟವೊಂದನ್ನು ಇಂದು ಮತ್ತೆ ಆಡಲು ಕೂರುವವರಿಗೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ. ಒಂದು, ಎಳೆಯ ವಯಸ್ಸಿನ ನೆನಪು. ಇನ್ನೊಂದು, ಇಂದಿನ ಆಟಗಳು ಎಲ್ಲಿಂದ ಹೊರಟು ಬಂದವು ಎಂದು ತಿಳಿಯುವ ಕುತೂಹಲ. ಎರಡೂ ಒಳ್ಳೆಯ ಕಾರಣಗಳೇ, ಆದರೆ ಎರಡೂ ಆಟವನ್ನು ಮುಗಿದುಹೋದ ವಸ್ತುವೆಂದು ಮೊದಲೇ ತೀರ್ಮಾನಿಸಿಬಿಡುತ್ತವೆ. 1985ರಲ್ಲಿ ಅಮೆರಿಕದಲ್ಲಿ ಆಪಲ್ 2 ಕಂಪ್ಯೂಟರಿಗಾಗಿ ಬಂದ ‘ಅಲ್ಟಿಮಾ 4: ಕ್ವೆಸ್ಟ್ ಆಫ್ ದಿ ಅವತಾರ್’ ಎಂಬ ರೋಲ್ ಪ್ಲೇಯಿಂಗ್ ಆಟವನ್ನು ಮತ್ತೆ ಆಡಲು ಮೂರನೆಯ ಕಾರಣವೊಂದಿದೆ, ಅದು ಈ ಎರಡಕ್ಕಿಂತ ಗಟ್ಟಿಯಾದದ್ದು. ಆ ಆಟ ಆಡುವವರ ನಡತೆಯನ್ನು ಹೆಜ್ಜೆಹೆಜ್ಜೆಗೂ ಅಳೆಯುತ್ತಿತ್ತು, ಆದರೆ ಅಳತೆಯ ಅಂಕಿಯನ್ನು ಅವರ ಕಣ್ಣಿಗೆ ಬೀಳಿಸುತ್ತಿರಲಿಲ್ಲ. ಮುಂದೆ ಬಂದ ಆಟಗಳಲ್ಲಿ ಬಹುಪಾಲು ಅಳತೆಯನ್ನು ಉಳಿಸಿಕೊಂಡವು, ಮರೆಯನ್ನು ಬಿಟ್ಟುಕೊಟ್ಟವು. ಹಾಗೆ ಬಿಟ್ಟುಕೊಟ್ಟಾಗ ಕಳೆದುಹೋದದ್ದು ಏನೆಂಬುದನ್ನು ಹಳೆಯ ಆಟವನ್ನೇ ಆಡಿ ತಿಳಿಯಬೇಕು. ಈ ಪ್ರಬಂಧದ ವಾದ ಇಷ್ಟೇ.

ಆಟವನ್ನು ರೂಪಿಸಿದವರು ರಿಚರ್ಡ್ ಗ್ಯಾರಿಯಟ್. 1974ರಲ್ಲಿ ಅಚ್ಚಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನ ಆಟ ಅಮೆರಿಕದ ವಿದ್ಯಾರ್ಥಿಗಳನ್ನು ಮರುಳು ಮಾಡಿದ್ದ ಕಾಲದಲ್ಲಿ ಬೆಳೆದವರು ಅವರು. ಆ ಮೇಜಿನ ಆಟವನ್ನು ಕಂಪ್ಯೂಟರಿಗೆ ಇಳಿಸುವ ಉತ್ಸಾಹ ಆಗ ಹಲವರಲ್ಲಿತ್ತು. 1981ರಲ್ಲಿ ಗ್ಯಾರಿಯಟ್ ಅವರ ಮೊದಲ ‘ಅಲ್ಟಿಮಾ’ ಬಂತು, ಅದೇ ವರ್ಷ ಗ್ರೀನ್‌ಬರ್ಗ್ ಮತ್ತು ವುಡ್‌ಹೆಡ್ ಅವರ ‘ವಿಝರ್ಡ್ರಿ’ಯೂ ಬಂತು. ಇವುಗಳಲ್ಲಿ ಆಡುವವರ ಕೆಲಸ ಒಂದೇ ಬಗೆಯದು: ನೆಲಮಾಳಿಗೆಗೆ ಇಳಿ, ಎದುರಾದ ಪ್ರಾಣಿಯನ್ನು ಕೊಲ್ಲು, ಚಿನ್ನ ಬಾಚಿಕೊ, ಬಲ ಹೆಚ್ಚಿಸಿಕೊ, ಕೊನೆಯಲ್ಲಿ ಕುಳಿತಿರುವ ದುಷ್ಟನನ್ನು ಮುಗಿಸು. ಮೊದಲ ಮೂರು ಅಲ್ಟಿಮಾಗಳಿಗೂ ಇಂಥ ದುಷ್ಟರಿದ್ದರು: ಮೊಂಡೈನ್ ಎಂಬ ಮಾಂತ್ರಿಕ, ಅವನ ಶಿಷ್ಯೆ ಮಿನಾಕ್ಸ್, ಅವರಿಬ್ಬರ ಸಂತಾನವೆನ್ನಿಸಿದ ಎಕ್ಸೋಡಸ್. ದುಷ್ಟರನ್ನು ಕೊಲ್ಲಲು ಹೊರಟ ವೀರ ದಾರಿಯಲ್ಲಿ ಅಂಗಡಿ ದೋಚಿದರೂ, ಊರಿನವರನ್ನು ಕೊಂದರೂ ಆಟಕ್ಕೆ ಅದರ ಗೊಡವೆ ಇರಲಿಲ್ಲ. 1983ರಲ್ಲಿ ಗ್ಯಾರಿಯಟ್ ಅಣ್ಣ ರಾಬರ್ಟ್ ಜೊತೆ ಸೇರಿ ಒರಿಜಿನ್ ಸಿಸ್ಟಮ್ಸ್ ಎಂಬ ತಮ್ಮದೇ ಸಂಸ್ಥೆ ಕಟ್ಟಿದ ಮೇಲೆ ಆಡುವವರ ಪತ್ರಗಳು ನೇರವಾಗಿ ಅವರ ಕೈ ಸೇರತೊಡಗಿದವು. ತಾವು ವೀರರೆಂದು ಕರೆದವರು ಆಟದೊಳಗೆ ನಿಜವಾಗಿ ಏನೇನು ಮಾಡುತ್ತಿದ್ದಾರೆ ಎಂಬುದು ಆ ಪತ್ರಗಳಿಂದ ಅವರಿಗೆ ತಿಳಿಯಿತು. ಅದೇ ಹೊತ್ತಿಗೆ ಇಂಥ ಆಟಗಳು ಮಕ್ಕಳನ್ನು ಸೈತಾನನ ಕಡೆಗೆ ಎಳೆಯುತ್ತವೆ ಎಂಬ ಗದ್ದಲವೂ ಅಮೆರಿಕದಲ್ಲಿ ಎದ್ದಿತ್ತು, ಮೂರನೆಯ ಅಲ್ಟಿಮಾದ ಡಬ್ಬಿಯ ಮೇಲಿದ್ದ ಕೊಂಬಿನ ದೆವ್ವದ ಚಿತ್ರ ಆ ಗದ್ದಲಕ್ಕೆ ಒದಗಿಬಂದಿತ್ತು. ಇಂಥ ಸ್ಥಿತಿಯಲ್ಲಿ ಬೇರೊಬ್ಬರಾಗಿದ್ದರೆ ಚಿತ್ರವನ್ನು ಬದಲಿಸಿ ಸುಮ್ಮನಾಗುತ್ತಿದ್ದರು. ಗ್ಯಾರಿಯಟ್ ಆಟದ ಗುರಿಯನ್ನೇ ಬದಲಿಸಿದರು.

ನಾಲ್ಕನೆಯ ಅಲ್ಟಿಮಾದಲ್ಲಿ ಕೊಲ್ಲಬೇಕಾದ ದುಷ್ಟನೇ ಇಲ್ಲ. ಬ್ರಿಟಾನಿಯಾ ಎಂಬ ನಾಡು ಲಾರ್ಡ್ ಬ್ರಿಟಿಷ್ ಎಂಬ ದೊರೆಯ ಕೈಯಲ್ಲಿ ನೆಮ್ಮದಿಯಾಗಿದೆ. ದೊರೆಗೆ ಬೇಕಾಗಿರುವುದು ಸೈನಿಕನಲ್ಲ, ಹೇಗೆ ಬಾಳಬೇಕೆಂದು ಜನಕ್ಕೆ ಬದುಕಿ ತೋರಿಸುವ ಒಬ್ಬ ಮನುಷ್ಯ. ಅವನನ್ನೇ ಆಟ ‘ಅವತಾರ್’ ಎನ್ನುತ್ತದೆ. ದಶಾವತಾರದ ಕಥೆ ಕೇಳಿ ಬೆಳೆದ ಕನ್ನಡ ಓದುಗರು ಇಲ್ಲಿ ದೇವರನ್ನು ಹುಡುಕಬಾರದು. ಇದು ಮೇಲಿನಿಂದ ಇಳಿದುಬಂದವನ ಕಥೆಯಲ್ಲ, ಸಾಮಾನ್ಯನೊಬ್ಬ ಕೆಳಗಿನಿಂದ ಹತ್ತುವ ಕಥೆ. ಹತ್ತಬೇಕಾದ ಮೆಟ್ಟಿಲುಗಳು ಎಂಟು: ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಗೌರವ, ಅಧ್ಯಾತ್ಮ, ವಿನಯ. ಇವೆಲ್ಲ ಸತ್ಯ, ಪ್ರೀತಿ, ಧೈರ್ಯ ಎಂಬ ಮೂರು ತತ್ತ್ವಗಳ ಕೂಡಿಕೆಯಿಂದ ಹುಟ್ಟುತ್ತವೆ. ಸತ್ಯವೊಂದೇ ಇದ್ದರೆ ಪ್ರಾಮಾಣಿಕತೆ, ಸತ್ಯಕ್ಕೆ ಪ್ರೀತಿ ಬೆರೆತರೆ ನ್ಯಾಯ, ಪ್ರೀತಿಗೆ ಧೈರ್ಯ ಸೇರಿದರೆ ತ್ಯಾಗ, ಸತ್ಯಕ್ಕೆ ಧೈರ್ಯ ಕೂಡಿದರೆ ಗೌರವ, ಮೂರೂ ಒಂದಾದರೆ ಅಧ್ಯಾತ್ಮ. ಮೂರರಲ್ಲಿ ಯಾವುದೂ ಇಲ್ಲದ ಶೂನ್ಯದಲ್ಲಿ ಅಹಂಕಾರ ಹುಟ್ಟುತ್ತದೆ, ಆ ಅಹಂಕಾರವನ್ನು ಕಳಚಿದವನಿಗೆ ವಿನಯ ಸಿಗುತ್ತದೆ. ಒಂದೊಂದು ಗುಣಕ್ಕೂ ಒಂದೊಂದು ಊರು, ಒಂದೊಂದು ಗುಡಿ, ಗುಡಿಯಲ್ಲಿ ಧ್ಯಾನಕ್ಕೆ ಒಂದೊಂದು ಮಂತ್ರ. ಅಹಂಕಾರದಿಂದ ಹಾಳಾದ ಮಜಿನ್ಸಿಯಾ ಎಂಬ ವಿನಯದ ಊರಿನಲ್ಲಿ ಈಗ ಪ್ರೇತಗಳು ಅಲೆಯುತ್ತವೆ. ಈಜಿಪ್ಟಿನ ಆಂಖ್ ಚಿಹ್ನೆ, ಭಾರತದ ಮಂತ್ರ, ಇಂಗ್ಲೆಂಡಿನ ಕೋಟೆ, ಭವಿಷ್ಯ ಹೇಳುವ ಯುರೋಪಿನ ಇಸ್ಪೀಟಿನಂಥ ಎಲೆಗಳು ಎಲ್ಲವನ್ನೂ ಕಲಸಿ ಮಾಡಿದ ಈ ವ್ಯವಸ್ಥೆ ಪಂಡಿತರ ಶಾಸ್ತ್ರವಲ್ಲ. ಆದರೆ ಅದಕ್ಕೊಂದು ಒಳಗಿನ ಕ್ರಮವಿದೆ, ಆ ಕ್ರಮವನ್ನು ಆಡುವವರು ಪಾಠವಾಗಿ ಓದುವುದಿಲ್ಲ, ನಡೆದು ಕಂಡುಕೊಳ್ಳುತ್ತಾರೆ.

ಪರೀಕ್ಷೆ ಆಟ ಶುರುವಾಗುವ ಮೊದಲೇ ಶುರುವಾಗುತ್ತದೆ. ಆ ಕಾಲದ ಉಳಿದ ಆಟಗಳಲ್ಲಿ ಪಾತ್ರ ಸೃಷ್ಟಿಯೆಂದರೆ ದಾಳ ಉರುಳಿಸಿ ಬಲ, ಬುದ್ಧಿ, ಚುರುಕುತನದ ಅಂಕಿಗಳನ್ನು ಹಂಚಿಕೊಳ್ಳುವುದು. ಇಲ್ಲಿ ಭವಿಷ್ಯ ಹೇಳುವ ಅಲೆಮಾರಿ ಹೆಂಗಸೊಬ್ಬಳು ಎದುರಿಗೆ ಎಲೆಗಳನ್ನಿಟ್ಟು ಏಳು ಪ್ರಶ್ನೆ ಕೇಳುತ್ತಾಳೆ. ಪ್ರತಿ ಪ್ರಶ್ನೆಯಲ್ಲೂ ಎರಡು ಒಳ್ಳೆಯ ಗುಣಗಳು ಒಂದಕ್ಕೊಂದು ಎದುರಾಗಿರುತ್ತವೆ. ಯಾರಿಗೋ ತಲುಪಿಸಬೇಕಾದ, ಲೆಕ್ಕವಿಲ್ಲದ ಚಿನ್ನದ ಚೀಲ ನಿಮ್ಮ ಕೈಯಲ್ಲಿದೆ, ದಾರಿಯಲ್ಲಿ ಭಿಕ್ಷುಕ ಸಿಗುತ್ತಾನೆ. ಒಪ್ಪಿಸಿದ್ದನ್ನು ಪೂರ್ತಿ ತಲುಪಿಸಿ ಪ್ರಾಮಾಣಿಕರಾಗುತ್ತೀರೋ, ಒಂದು ನಾಣ್ಯ ಕೊಟ್ಟು ಕರುಣೆ ತೋರುತ್ತೀರೋ? ಒಳ್ಳೆಯದು ಕೆಟ್ಟದ್ದರ ನಡುವೆ ಆರಿಸುವುದು ಸುಲಭ, ಎರಡು ಒಳ್ಳೆಯದರ ನಡುವೆ ಆರಿಸುವುದೇ ಕಷ್ಟ ಎಂಬುದನ್ನು ಈ ಪ್ರಶ್ನೆಗಳು ಕಣ್ಣೆದುರು ತಂದು ನಿಲ್ಲಿಸುತ್ತವೆ. ಗೆದ್ದ ಗುಣಗಳೇ ಮತ್ತೆ ಮತ್ತೆ ಎದುರುಬದುರಾಗಿ, ಕೊನೆಯಲ್ಲಿ ಉಳಿದ ಒಂದು ಗುಣ ನಿಮ್ಮ ವೃತ್ತಿಯನ್ನೂ ನೀವು ಹೊರಡುವ ಊರನ್ನೂ ನಿರ್ಧರಿಸುತ್ತದೆ. ವಿನಯವನ್ನೇ ಆರಿಸುತ್ತ ಹೋದವರು ಕುರುಬರಾಗಿ ಹುಟ್ಟುತ್ತಾರೆ. ಅದೇ ಎಂಟು ವೃತ್ತಿಗಳಲ್ಲಿ ಅತ್ಯಂತ ದುರ್ಬಲವಾದದ್ದು, ಹೊರಡುವ ಊರೂ ಪ್ರೇತಗಳ ಮಜಿನ್ಸಿಯಾ. ವಿನಯವಂತನಿಗೆ ಆಟ ಬಹುಮಾನ ಕೊಡುವುದಿಲ್ಲ, ಎಲ್ಲರಿಗಿಂತ ಕಠಿಣವಾದ ದಾರಿ ಕೊಡುತ್ತದೆ. ಹಾಗೆ ಮಾಡುತ್ತೇನೆಂದು ಮುಂಚೆ ಎಚ್ಚರಿಸುವುದೂ ಇಲ್ಲ. ಇದೊಂದರಲ್ಲೇ ಆಟದ ಮನಸ್ಸು ತಿಳಿಯುತ್ತದೆ: ಒಳ್ಳೆಯತನವನ್ನು ಲಾಭದಿಂದ ಬಿಡಿಸಿ ನೋಡಬೇಕೆಂಬುದು ಅದರ ಹಟ.

ಈ ಹಟ ಚೆನ್ನಾಗಿ ಕಾಣುವುದು ದೊಡ್ಡ ಸಾಹಸಗಳಲ್ಲಲ್ಲ, ಸಣ್ಣ ವ್ಯವಹಾರಗಳಲ್ಲಿ. ಮಂತ್ರವಿದ್ಯೆಗೆ ಬೇಕಾದ ಬೇರು ಬೂದಿಗಳನ್ನು ಮಾರುವವರಿಗೆ ಕಣ್ಣು ಕಾಣುವುದಿಲ್ಲ. ಬೆಲೆ ಹೇಳುತ್ತಾರೆ, ಎಷ್ಟು ಕೊಡುತ್ತೀರಿ ಎಂಬ ಅಂಕಿಯನ್ನು ನೀವೇ ಒತ್ತಬೇಕು. ಇಪ್ಪತ್ತು ನಾಣ್ಯದ ಸರಕಿಗೆ ಒಂದೇ ನಾಣ್ಯ ಎಣಿಸಿದರೂ ಸರಕು ಕೈಗೆ ಬರುತ್ತದೆ. ಯಾರೂ ಕೂಗಾಡುವುದಿಲ್ಲ, ಕಾವಲುಗಾರರು ಓಡಿಬರುವುದಿಲ್ಲ. ಪ್ರಾಮಾಣಿಕತೆ, ನ್ಯಾಯ, ಗೌರವ ಮೂರರ ಲೆಕ್ಕದಲ್ಲೂ ಕಡಿತ ಬೀಳುತ್ತದೆ, ಅದು ಬಿದ್ದದ್ದು ನಿಮಗೆ ಕಾಣುವುದಿಲ್ಲ. ಊರುಗಳಲ್ಲಿ ಬೇರೆಯವರ ಪೆಟ್ಟಿಗೆಗಳು ಕೈಗೆ ಸಿಗುವಂತೆಯೇ ಇವೆ, ತೆಗೆದುಕೊಂಡರೆ ಅದು ಕಳವು. ಭಿಕ್ಷುಕನಿಗೆ ಕೊಟ್ಟರೆ ಕರುಣೆ ಬೆಳೆಯುತ್ತದೆ. ವೈದ್ಯರ ಬಳಿ ಹೋದಾಗ ರಕ್ತ ಕೊಡುತ್ತೀರಾ ಎಂದು ಕೇಳುತ್ತಾರೆ, ಕೊಟ್ಟರೆ ದೇಹಬಲ ಕುಗ್ಗಿ ತ್ಯಾಗ ಹೆಚ್ಚುತ್ತದೆ, ಒಲ್ಲೆನೆಂದರೆ ತ್ಯಾಗ ಕುಗ್ಗುತ್ತದೆ. ದುಷ್ಟಪ್ರಾಣಿಗೆ ಬೆನ್ನು ತೋರಿಸಿ ಓಡಿದರೆ ಶೌರ್ಯಕ್ಕೆ ಕುಂದು. ಹಾವಿನಂಥ ಪ್ರಾಣಿ ಹಸಿವಿನಿಂದಲೋ ಹೆದರಿಕೆಯಿಂದಲೋ ಮೈಮೇಲೆ ಬಿದ್ದರೆ ಅದನ್ನು ಓಡಿಸಿ ಬಿಡಬೇಕು, ಬೆನ್ನಟ್ಟಿ ಕೊಲ್ಲುವುದು ಕರುಣೆಗೆ ವಿರುದ್ಧ. ಇಲ್ಲಿರುವ ಜಾಣ್ಮೆಯನ್ನು ಗಮನಿಸಬೇಕು. ಆಟದ ಆರಂಭದಲ್ಲಿ ಕೈಯಲ್ಲಿ ಹೆಚ್ಚು ಹಣವಿಲ್ಲ, ಊಟಕ್ಕೂ ಆಯುಧಕ್ಕೂ ಹಣ ಬೇಕು, ಹಣ ಮಾಡುವ ಅತಿ ಸುಲಭದ ದಾರಿಗಳೆಲ್ಲ ಕಳವು ಮತ್ತು ಮೋಸದ ದಾರಿಗಳು. ಹಿಂದಿನ ಮೂರು ಆಟಗಳು ಆ ದಾರಿಗಳನ್ನೇ ಜನಕ್ಕೆ ರೂಢಿ ಮಾಡಿಸಿದ್ದವು. ನಾಲ್ಕನೆಯದು ಆ ರೂಢಿಯನ್ನೇ ಪರೀಕ್ಷೆಗೆ ಒಡ್ಡಿತು. ಅಂದರೆ ಈ ಆಟ ಅಳೆಯುತ್ತಿದ್ದುದು ಪರದೆಯ ಮೇಲಿನ ಗೊಂಬೆಯನ್ನಲ್ಲ, ಕೀಲಿಮಣೆಯ ಮುಂದೆ ಕುಳಿತವರನ್ನು.

ಈಗ ಮುಖ್ಯ ಮಾತಿಗೆ ಬರಬಹುದು. ಎಂಟು ಗುಣಗಳಿಗೂ ಒಳಗೊಂದು ಅಂಕಿಯಿದೆ, ಆದರೆ ಆ ಅಂಕಿಯನ್ನು ತೋರಿಸುವ ಪುಟ ಆಟದಲ್ಲಿ ಎಲ್ಲೂ ಇಲ್ಲ. ನಿಮ್ಮ ಸ್ಥಿತಿ ತಿಳಿಯಬೇಕಾದರೆ ದೊರೆಯ ಕೋಟೆಯಲ್ಲಿ ಹಾಕ್‌ವಿಂಡ್ ಎಂಬ ದ್ರಷ್ಟಾರನಿದ್ದಾನೆ. ಇಂಥ ಗುಣದ ದಾರಿಯಲ್ಲಿ ಹೇಗಿದ್ದೇನೆ ಎಂದು ಕೇಳಿದರೆ ಅವನು ಮಾತಿನಲ್ಲಿ ಉತ್ತರಿಸುತ್ತಾನೆ: ದಾರಿ ತಪ್ಪಿದ್ದೀಯೆ, ಪರವಾಗಿಲ್ಲ, ಗುಡಿಗೆ ಹೋಗಲು ಸಿದ್ಧನಾಗಿದ್ದೀಯೆ ಎಂಬಂಥ ಉತ್ತರಗಳು. ಯಾವ ಕೆಲಸದಿಂದ ಏರಿದಿರಿ, ಯಾವುದರಿಂದ ಇಳಿದಿರಿ ಎಂದು ಅವನು ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಆಡುವವರು ತಾವು ಮಾಡಿದ್ದನ್ನು ತಾವೇ ಹಿಂದಿರುಗಿ ನೋಡಬೇಕಾಗುತ್ತದೆ. ಇದನ್ನು ಮುಂದಿನ ಆಟಗಳ ಪಕ್ಕ ಇಟ್ಟು ನೋಡಿ. 2003ರ ‘ಸ್ಟಾರ್ ವಾರ್ಸ್: ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್’ನಲ್ಲಿ ಬೆಳಕು ಕತ್ತಲೆಗಳ ಮಾಪಕವೊಂದು ಪಾತ್ರದ ಪುಟದಲ್ಲೇ ನಿಂತಿದೆ. 2004ರ ‘ಫೇಬಲ್’ನಲ್ಲಿ ಕೆಟ್ಟವನ ತಲೆಯ ಮೇಲೆ ಕೊಂಬು ಮೂಡುತ್ತದೆ, ಒಳ್ಳೆಯವನ ತಲೆಯ ಸುತ್ತ ಪ್ರಭೆ. 2007ರ ‘ಮಾಸ್ ಎಫೆಕ್ಟ್’ನಲ್ಲಿ ಸಜ್ಜನಿಕೆಗೆ ನೀಲಿ ಪಟ್ಟಿ, ಒರಟುತನಕ್ಕೆ ಕೆಂಪು ಪಟ್ಟಿ. ಕಥೆಯಲ್ಲೂ ಚಿತ್ರದಲ್ಲೂ ಇವು ಹಳೆಯ ಆಟಕ್ಕಿಂತ ಎಷ್ಟೋ ಮೇಲು. ಆದರೆ ಪಟ್ಟಿ ಕಣ್ಣೆದುರು ಇದ್ದಾಗ ಒಬ್ಬನಿಗೆ ನೆರವಾಗಬೇಕೇ ಎಂಬ ಪ್ರಶ್ನೆ ಹಿಂದೆ ಸರಿದು, ಇದಕ್ಕೆ ಎಷ್ಟು ಅಂಕ ಎಂಬ ಪ್ರಶ್ನೆ ಮುಂದೆ ಬರುತ್ತದೆ. ಮಾರ್ಕ್ಸ್ ಕಾರ್ಡು ಎದುರಿಗಿಟ್ಟುಕೊಂಡು ಓದುವ ವಿದ್ಯಾರ್ಥಿ ಪಾಠಕ್ಕಿಂತ ಪ್ರಶ್ನೆಪತ್ರಿಕೆಯನ್ನೇ ಹೆಚ್ಚು ಓದುವಂತೆ ಇದು. ನೀಲಿ ಪಟ್ಟಿ ತುಂಬಿಸಲು ಹೊರಟವರು ಪ್ರತಿ ಸಂದರ್ಭದಲ್ಲೂ ನೀಲಿ ಉತ್ತರವನ್ನೇ ಒತ್ತುತ್ತಾರೆ, ಸಂದರ್ಭವನ್ನು ತೂಗುವ ಅಗತ್ಯವೇ ಅವರಿಗೆ ಉಳಿಯುವುದಿಲ್ಲ.

ಹಳೆಯ ಆಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಒಂದು ಗುಣದಲ್ಲಿ ಪೂರ್ಣತೆ ಪಡೆದು, ಅದರ ಗುಡಿಯಲ್ಲಿ ಸರಿಯಾದ ಮಂತ್ರ ಜಪಿಸಿ ಧ್ಯಾನ ಮಾಡಿದವರಿಗೆ ಅವತಾರದ ಎಂಟರಲ್ಲೊಂದು ಪಾಲು ದಕ್ಕುತ್ತದೆ. ಆದರೆ ದಕ್ಕಿದ್ದು ಶಾಶ್ವತವಲ್ಲ. ಆ ಗುಣಕ್ಕೆ ವಿರುದ್ಧವಾಗಿ ಒಮ್ಮೆ ನಡೆದರೆ, ಎಂಟರಲ್ಲೊಂದು ಪಾಲು ಕಳೆದುಹೋಯಿತೆಂದು ಆಟ ತಿಳಿಸುತ್ತದೆ, ಅದನ್ನು ಮತ್ತೆ ಗಳಿಸಬೇಕು. ಇಂದಿನ ಆಟಗಳಲ್ಲಿ ಗಳಿಸಿದ ಪದಕವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಇಲ್ಲಿ ಒಳ್ಳೆಯತನ ಪದಕವಲ್ಲ, ದಿನದಿನದ ನಡತೆ. ಸತ್ತ ಮೊಂಡೈನನ ತಲೆಬುರುಡೆಯೊಂದು ಸಮುದ್ರದಲ್ಲಿ ಬಿದ್ದಿದೆ, ಅದನ್ನು ಬಳಸಿದರೆ ಸುತ್ತಲಿರುವ ವೈರಿಗಳೆಲ್ಲ ಒಂದೇ ಏಟಿಗೆ ಸಾಯುತ್ತಾರೆ. ಆದರೆ ಹಾಗೆ ಬಳಸಿದವರ ಗುಣಗಳೆಲ್ಲ ನೆಲಕಚ್ಚುತ್ತವೆ. ಅದನ್ನು ಆಟ ಕೊನೆಗೊಳ್ಳುವ ಪಾತಾಳದ ಬಾಯಿಗೆ ಎಸೆದು ನಾಶ ಮಾಡುವುದೇ ಸರಿಯಾದ ಕೆಲಸ. ಉಳಿದ ಆಟಗಳಲ್ಲಿ ಎಲ್ಲಕ್ಕಿಂತ ಬಲವಾದ ಅಸ್ತ್ರ ಆಡುವವರ ದುಡಿಮೆಗೆ ಸಲ್ಲುವ ಬಹುಮಾನ, ಇಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಆಮಿಷ. ಕೊನೆಯಲ್ಲಿ ಪಾತಾಳದ ತಳ ಮುಟ್ಟಿದವರಿಗೆ ಎದುರಾಗುವುದೂ ರಾಕ್ಷಸನಲ್ಲ, ಪ್ರಶ್ನೆಗಳು. ದಾರಿಯುದ್ದಕ್ಕೂ ಕಲಿತದ್ದನ್ನು ಅರ್ಥಮಾಡಿಕೊಂಡವರು ಮಾತ್ರ ಉತ್ತರಿಸಬಲ್ಲರು.

ಇದಕ್ಕೆ ಮೊದಲ ಆಕ್ಷೇಪ ಸಹಜವಾಗಿಯೇ ಏಳುತ್ತದೆ. ಮರೆಯಲ್ಲಿಟ್ಟರೂ ಅಂಕಿ ಅಂಕಿಯೇ ಅಲ್ಲವೇ? ಭಿಕ್ಷುಕನಿಗೆ ಒಂದು ನಾಣ್ಯ ಕೊಟ್ಟು ಸ್ವಲ್ಪ ಅಡ್ಡಾಡಿ ಬಂದು ಮತ್ತೊಂದು ಕೊಟ್ಟು ಕರುಣೆಯನ್ನು ಕೂಡಿಸಬಹುದು. ರಕ್ತ ಕೊಟ್ಟು ವಿಶ್ರಾಂತಿ ಪಡೆದು ಮತ್ತೆ ಕೊಟ್ಟು ತ್ಯಾಗವನ್ನು ತುಂಬಿಸಬಹುದು. ಯಾವ ಕೆಲಸಕ್ಕೆ ಎಷ್ಟು ಅಂಕ ಎಂಬ ಪಟ್ಟಿ ಇಂದು ಅಂತರ್ಜಾಲದಲ್ಲಿ ಹುಡುಕಿದವರಿಗೆಲ್ಲ ಸಿಗುತ್ತದೆ. ಹಾಗಿದ್ದ ಮೇಲೆ ಮರೆ ಎಲ್ಲಿ ಉಳಿಯಿತು? ಆಕ್ಷೇಪದಲ್ಲಿ ನಿಜವಿದೆ. ಯಂತ್ರಕ್ಕೆ ಎಣಿಸುವುದಷ್ಟೇ ಗೊತ್ತು, ಕೊಟ್ಟವರ ಮನಸ್ಸಿನಲ್ಲಿ ಕರುಣೆಯಿತ್ತೇ ಎಂದು ನೋಡಲು ಅದಕ್ಕೆ ಸಾಧ್ಯವಿಲ್ಲ. ಆದರೆ ನನ್ನ ವಾದ ಯಂತ್ರ ಮನಸ್ಸನ್ನು ಓದುತ್ತದೆ ಎಂಬುದಲ್ಲ. ಅಂಕಿ ಮರೆಯಲ್ಲಿದ್ದಾಗ ಆಡುವವರು ಒಂದು ಕೆಲಸವನ್ನು ಅದರ ಬೆಲೆ ತಿಳಿಯದೆ ಮಾಡಬೇಕಾಗುತ್ತದೆ, ಆ ತಿಳಿಯದಿರುವಿಕೆಯಲ್ಲೇ ಆಯ್ಕೆಗೆ ತೂಕ ಬರುತ್ತದೆ ಎಂಬುದು ನನ್ನ ವಾದ. ಪಟ್ಟಿ ಹಿಡಿದು ಆಡುವವರು ಆ ತೂಕವನ್ನು ತಾವೇ ಇಳಿಸಿಕೊಂಡಿರುತ್ತಾರೆ. ಪತ್ತೇದಾರಿ ಕಾದಂಬರಿಯ ಕೊನೆಯ ಪುಟವನ್ನು ಮೊದಲೇ ಓದುವ ಸ್ವಾತಂತ್ರ್ಯ ಎಲ್ಲರಿಗೂ ಇದೆ, ಅದರಿಂದ ಕಾದಂಬರಿ ಕಟ್ಟಿದ ರೀತಿಯಲ್ಲಿ ದೋಷವಿದೆ ಎಂದಾಗುವುದಿಲ್ಲ. ಅಂಕಿಯನ್ನು ಹುಡುಕಿಕೊಂಡು ಹೋಗಿ ನೋಡುವುದು ಆಡುವವರ ಆಯ್ಕೆ. ಅಂಕಿಯನ್ನು ಕಣ್ಣಿಗೆ ಒತ್ತುವುದು ಆಟ ಮಾಡಿದವರ ಆಯ್ಕೆ. ಇವೆರಡು ಒಂದೇ ಅಲ್ಲ.

ಎರಡನೆಯ ಆಕ್ಷೇಪ ಬೇಸರದ್ದು. 1985ರ ಆಟವನ್ನು ಇಂದು ಆಡುವುದು ಸುಲಭವಲ್ಲ. ಆಟವಿಡೀ 64 ಕಿಲೋಬೈಟ್ ಮೆಮೊರಿಯ ಕಂಪ್ಯೂಟರಿನಲ್ಲಿ ಓಡುವಂತೆ ಬರೆದದ್ದು, ಇಂದಿನ ಫೋನಿನಲ್ಲಿ ತೆಗೆದ ಒಂದು ಫೋಟೋಕ್ಕೆ ಅದಕ್ಕಿಂತ ಹೆಚ್ಚು ಜಾಗ ಬೇಕು. ಅಡ್ಡ 256, ಉದ್ದ 256 ಚೌಕಗಳ ಆ ನಾಡಿನಲ್ಲಿ ಮರ, ನೀರು, ಬೆಟ್ಟ ಎಲ್ಲ ಪುಟ್ಟ ಗುರುತುಗಳು. ಇಂಗ್ಲಿಷ್ ಅಕ್ಷರಮಾಲೆಯ ಒಂದೊಂದು ಕೀಲಿಗೂ ಒಂದೊಂದು ಆಜ್ಞೆ. ಮಂತ್ರ ಹಾಕಬೇಕಾದರೆ ಪ್ರತಿಸಲವೂ ಬೇರು ಬೂದಿಗಳನ್ನು ಮೊದಲೇ ಬೆರೆಸಿಡಬೇಕು. ಎಂಟು ಜನರ ಗುಂಪು ಕಟ್ಟಿದ ಮೇಲೆ ಒಂದೊಂದು ಕಾಳಗವೂ ಎಳೆದಾಡುತ್ತದೆ, ಕೊನೆಯ ಪಾತಾಳದಲ್ಲಿ ಅದು ನಿಜಕ್ಕೂ ದಣಿಸುತ್ತದೆ. ಕಾಳಗದ ಬಗ್ಗೆ ಈ ದೂರು ಪೂರ್ತಿ ನ್ಯಾಯವಾದದ್ದು, ಅದನ್ನು ಸಮರ್ಥಿಸಲು ನನಗೆ ಇಷ್ಟವಿಲ್ಲ. ಆದರೆ ಬೇಸರವೆಂದು ಕರೆಯುವ ಎಲ್ಲವೂ ಒಂದೇ ಜಾತಿಯದಲ್ಲ. ಈ ಆಟದಲ್ಲಿ ಎಲ್ಲಿಗೆ ಹೋಗಬೇಕೆಂದು ಬಾಣದ ಗುರುತು ತೋರಿಸುವುದಿಲ್ಲ. ಊರಿನವರ ಹೆಸರು, ಕಸುಬು, ಆರೋಗ್ಯ ಕೇಳಿ, ಅವರು ಆಡಿದ ಮಾತಿನಲ್ಲಿ ಮುಖ್ಯವಾದ ಪದವನ್ನು ಹಿಡಿದು, ಅದನ್ನೇ ಮತ್ತೆ ಟೈಪು ಮಾಡಿ ಕೇಳಬೇಕು. ಒಂದು ಊರಿನ ಮುದುಕ ಹೇಳಿದ ಅರ್ಧ ಮಾತಿಗೆ ಸಮುದ್ರದಾಚೆಯ ಇನ್ನೊಂದು ಊರಿನ ಹುಡುಗನಲ್ಲಿ ಉಳಿದರ್ಧ ಇರುತ್ತದೆ. ಹಾಗಾಗಿ ನೋಟುಪುಸ್ತಕ ಪಕ್ಕದಲ್ಲಿಟ್ಟುಕೊಂಡೇ ಆಡಬೇಕು. ಡಬ್ಬಿಯಲ್ಲಿ ಬಟ್ಟೆಯ ಮೇಲೆ ಅಚ್ಚಾದ ನಕ್ಷೆ, ಲೋಹದ ಆಂಖ್, ನಾಡಿನ ಚರಿತ್ರೆಯದೊಂದು ಮಂತ್ರವಿದ್ಯೆಯದೊಂದು ಹೀಗೆ ಎರಡು ಪುಸ್ತಕಗಳನ್ನು ಕೊಟ್ಟದ್ದು ಇದಕ್ಕಾಗಿಯೇ. ಜನರ ಮಾತಿಗೆ ಕಿವಿಗೊಡುವುದನ್ನೂ ಕೇಳಿದ್ದನ್ನು ಬರೆದಿಡುವುದನ್ನೂ ಬೇಸರವೆಂದು ತೆಗೆದುಹಾಕಿದರೆ ಜನ ಬರಿಯ ದಾರಿತೋರುವ ಫಲಕಗಳಾಗುತ್ತಾರೆ. ಕರುಣೆ ಫಲಕಗಳ ಮೇಲೆ ಹುಟ್ಟುವುದಿಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು. ಎಂಟು ಗುಣ, ಮೂರು ತತ್ತ್ವ ಎಂದು ಅಚ್ಚುಕಟ್ಟಾಗಿ ಕೋಷ್ಟಕ ಹಾಕಿದ ನೀತಿ ನಿಜಕ್ಕೂ ನೀತಿಯೇ? ಓರ್ಕ್, ಟ್ರೋಲ್ ಮೊದಲಾದವು ಹುಟ್ಟಿನಿಂದಲೇ ದುಷ್ಟ, ಅವನ್ನು ಕೊಂದರೆ ಶೌರ್ಯ ಎಂದು ತೀರ್ಮಾನಿಸಿದವರು ಯಾರು? ಒಂದು ಇಡೀ ಜಾತಿಗೆ ದುಷ್ಟವೆಂದು ಹೆಸರಿಟ್ಟು ಕೊಲ್ಲುವುದು ಮನುಷ್ಯರ ಚರಿತ್ರೆಯ ಅತಿ ಕೆಟ್ಟ ಅಭ್ಯಾಸಗಳಲ್ಲಿ ಒಂದು, ಒಳ್ಳೆಯತನ ಕಲಿಸಲು ಹೊರಟ ಆಟವೇ ಅದನ್ನು ಪ್ರಶ್ನಿಸದೆ ಒಪ್ಪಿಕೊಂಡಿದೆ. ಈ ದೋಷವನ್ನು ಮುಚ್ಚಿಡಲಾಗದು. ಆದರೆ ಇದಕ್ಕೆ ಅತ್ಯುತ್ತಮ ಉತ್ತರ ಬಂದದ್ದು ಗ್ಯಾರಿಯಟ್ ಮತ್ತು ಅವರ ತಂಡದ ಮುಂದಿನ ಆಟಗಳಿಂದಲೇ. 1988ರ ಐದನೆಯ ಅಲ್ಟಿಮಾದಲ್ಲಿ ದೊರೆ ಕಾಣೆಯಾಗಿದ್ದಾನೆ, ಅವನ ಜಾಗದಲ್ಲಿ ಕುಳಿತ ಬ್ಲ್ಯಾಕ್‌ಥಾರ್ನ್ ಎಂಟು ಗುಣಗಳನ್ನೇ ಕಾನೂನು ಮಾಡಿ ಪ್ರಜೆಗಳ ಮೇಲೆ ಹೇರುತ್ತಾನೆ, ದಾನ ಮಾಡದವನಿಗೂ ಸುಳ್ಳಾಡಿದವನಿಗೂ ಶಿಕ್ಷೆ. ಒಳಗಿನಿಂದ ಬಂದಾಗ ಗುಣವಾದದ್ದು ದಂಡದ ತುದಿಯಿಂದ ಬಂದಾಗ ಹಿಂಸೆಯಾಗುತ್ತದೆ ಎಂಬುದನ್ನು ಆ ಆಟ ಕಾಣಿಸಿತು. 1990ರ ಆರನೆಯದರಲ್ಲಿ ರಾಕ್ಷಸರಂತೆ ಕಾಣುವ ಗಾರ್ಗಾಯಿಲ್‌ಗಳು ನಾಡಿನ ಮೇಲೆ ದಾಳಿ ಮಾಡುತ್ತಾರೆ. ಅವರಿಗೂ ತಮ್ಮದೇ ಊರು, ಭಾಷೆ, ಗುಣಗಳಿವೆ, ನಾಲ್ಕನೆಯ ಆಟದ ಕೊನೆಯಲ್ಲಿ ಅವತಾರ ಪುರುಷ ಪಡೆದ ಜ್ಞಾನಗ್ರಂಥ ಅವರ ಲೋಕದಿಂದ ಹೋದದ್ದು, ಅದರಿಂದಲೇ ಅವರ ಲೋಕ ಕುಸಿಯುತ್ತಿದೆ ಎಂಬುದು ಕೊನೆಗೆ ತಿಳಿಯುತ್ತದೆ. ಮೊದಲ ಗೆಲುವಿನ ಲೆಕ್ಕವನ್ನು ಸೋತವರ ಕಡೆಯಿಂದ ಮತ್ತೆ ಬಿಡಿಸಿ ಓದಿದ ಕೃತಿ ಅದು. ನಾಲ್ಕನೆಯ ಆಟ ಆ ಪ್ರಶ್ನೆಗಳನ್ನು ಕೇಳಲಿಲ್ಲ ನಿಜ. ಆದರೆ ಆಟದೊಳಗಿನ ನಡತೆಗೂ ಅರ್ಥವಿದೆ ಎಂದು ಅದು ಮೊದಲು ಸ್ಥಾಪಿಸಿದ್ದರಿಂದಲೇ ಮುಂದಿನವು ಅವನ್ನು ಕೇಳಲು ಸಾಧ್ಯವಾಯಿತು.

ಎಲ್ಲ ಹೊಸ ಆಟಗಳೂ ಈ ದಾರಿ ಮರೆತಿವೆ ಎಂದರೆ ಅನ್ಯಾಯವಾದೀತು. 2007ರ ‘ದಿ ವಿಚರ್’ ಆಯ್ಕೆಯ ಫಲವನ್ನು ತಡಮಾಡಿ ತೋರಿಸುತ್ತದೆ, ಅಂಕ ಹಾಕುವುದಿಲ್ಲ. 2015ರ ‘ಅಂಡರ್‌ಟೇಲ್’ ನೀವು ಯಾರನ್ನು ಕೊಂದಿರಿ, ಯಾರನ್ನು ಉಳಿಸಿದಿರಿ ಎಂಬುದನ್ನು ಸದ್ದಿಲ್ಲದೆ ನೆನಪಿಟ್ಟುಕೊಂಡು ಕೊನೆಯಲ್ಲಿ ಮುಖಕ್ಕೆ ಹಿಡಿಯುತ್ತದೆ. ಇಂಥವು ಇವೆ, ಆದರೆ ಸಾಲಾಗಿ ಬರುವ ದೊಡ್ಡ ಆಟಗಳ ರೂಢಿ ಮಾತ್ರ ಪಟ್ಟಿ, ಪದಕ, ಅಂಕಗಳದ್ದೇ ಆಗಿದೆ. ಆ ರೂಢಿ ಆಟಗಳನ್ನೂ ದಾಟಿ ಬಂದಿದೆ. ನಡೆದ ಹೆಜ್ಜೆಗೆ ಅಂಕ, ಕಲಿತ ಪದಕ್ಕೆ ಅಂಕ, ಕೊಟ್ಟ ದೇಣಿಗೆಗೆ ಬ್ಯಾಡ್ಜು ನೀಡುವ ಆ್ಯಪ್‌ಗಳು ನಮ್ಮ ಕೈಯಲ್ಲೇ ಇವೆ. ಎಲ್ಲ ಒಳ್ಳೆಯ ಕೆಲಸಕ್ಕೂ ತಕ್ಷಣ ಅಂಕಿ ಕಾಣಿಸಬೇಕೆಂಬ ಈ ಹೊತ್ತಿನಲ್ಲಿ, ಅಂಕಿಯಿಲ್ಲದಿದ್ದರೂ ಸರಿಯಾದದ್ದನ್ನೇ ಮಾಡು ಎಂದು ಕೇಳಿದ ಆಟ ಹಳತಾಗಿಲ್ಲ.

ಈ ಆಟ ಈಗ ಕಾನೂನುಬದ್ಧವಾಗಿಯೇ ಉಚಿತವಾಗಿ ಸಿಗುತ್ತದೆ, ಸಾಧಾರಣ ಕಂಪ್ಯೂಟರಿನಲ್ಲೂ ಓಡುತ್ತದೆ. ಆಡಲು ಹೊರಡುವವರಿಗೆ ನನ್ನ ಕೋರಿಕೆ ಎರಡು. ಕೈಪಿಡಿಗಳನ್ನು ಓದಿ, ಅವು ಆಟದ ಭಾಗವೇ. ಅಂತರ್ಜಾಲದಲ್ಲಿರುವ ಉತ್ತರಗಳ ಪಟ್ಟಿಯನ್ನು ಮಾತ್ರ ತೆರೆಯಬೇಡಿ, ಎಷ್ಟೇ ತಡವಾದರೂ ನಿಮ್ಮ ನೋಟುಪುಸ್ತಕವನ್ನೇ ನಂಬಿ. ಇನ್ನೊಂದು ಕೋರಿಕೆ ಬೆಂಗಳೂರಿನಲ್ಲೂ ಬೇರೆಡೆಯಲ್ಲೂ ಆಟಗಳನ್ನು ಕಟ್ಟುತ್ತಿರುವ ಕನ್ನಡದ ತರುಣರಿಗೆ. ಒಳ್ಳೆಯದು ಕೆಟ್ಟದ್ದರ ಕಥೆ ಹೇಳುವ ಆಟ ಮಾಡುವುದಾದರೆ ಎಣಿಕೆಯನ್ನು ಒಳಗಿಟ್ಟುಕೊಳ್ಳಿ, ಪರದೆಯ ಮೇಲೆ ಹಾಕಬೇಡಿ. ನಿಮ್ಮ ಆಟ ಆಡುವವರು ಅಂಕಿಯ ಆಸರೆಯಿಲ್ಲದೆಯೂ ಯೋಚಿಸಬಲ್ಲರು ಎಂದು ನಂಬಿ. ಅಷ್ಟು ನಂಬಿಕೆ ಇಟ್ಟದ್ದಕ್ಕೇ ‘ಅಲ್ಟಿಮಾ 4’ ನಲವತ್ತು ವರ್ಷ ಕಳೆದರೂ ಆಡಲು ಯೋಗ್ಯವಾಗಿ ಉಳಿದಿದೆ.